ನೆಲಮನೆಯಲ್ಲಿ ಮೂರನೇ ಕೂಗು

ಕಮಾನವಾಡಿಯವರು ಬೇಸಿಗೆಯನ್ನು ಮಲಗಿ ಕಳೆಯುತ್ತಾರಂತೆ ಎಂಬ ಸುದ್ದಿ ಕೇಳಿ ಸುತ್ತಲಿನ ಹಳ್ಳಿಗಳವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮಲಗುವುದೆಂದರೆ ಊಟವಾದ ಮೇಲೆ ಒಂದು ತಾಸು ಅಡ್ಡಾಗುವುದಲ್ಲ. ಯುಗಾದಿಯ ಬೇವು ಬೆಲ್ಲ ತಿಂದು ಮಲಗಿದರೆ ಜೂನಿನ ಮೊದಲಿಗೆ ಮಿರುಗದ ಮಳೆ ಬಿದ್ದ ಮೇಲೇ ಏಳುವುದು. ನಗುವವರು ನಗಲಿ ಎಂದು ಕಮಾನವಾಡಿ ಸುಮ್ಮನಿತ್ತು. ಹಿಂದಿನ ಬೇಸಿಗೆಯಲ್ಲಿ ಬಿಸಿಲು ಐವತ್ತೆರಡು ಡಿಗ್ರಿ ಮುಟ್ಟಿದಾಗ ನಕ್ಕ ಹಳ್ಳಿಗಳಲ್ಲೂ ಹೆಣ ಎತ್ತಿದ್ದರು. ತಗಡಿನ ಮನೆಯೊಳಗೆ ಕೂತವರು ಕೂತಲ್ಲೇ ಹೋಗಿದ್ದರು. ಅಂಥ ಬಿಸಿಲಿನ ಮುಂದೆ ಯಾರ ಪ್ರತಿಷ್ಠೆಯೂ ನಡೆಯುವುದಿಲ್ಲ.

ಉಪಾಯವನ್ನು ಕಲಿಸಿದ್ದು ಕಪ್ಪೆ. ಕೆರೆ ಬತ್ತಿದಾಗ ಕೆಸರಿನೊಳಗೆ ಇಳಿದು, ಎದೆಬಡಿತವನ್ನು ಇಳಿಸಿಕೊಂಡು, ಉಂಡಿದ್ದರಲ್ಲೇ ಉಳಿದು ಮಳೆಗೆ ಕಾಯುವ ಜಾತಿಯ ಕಪ್ಪೆಗಳಿವೆ. ಅವುಗಳ ಚರ್ಮದ ರಸವನ್ನು ಹೋಲುವ ಔಷಧಿಯೊಂದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಸೂಜಿ ಚುಚ್ಚಿಸಿಕೊಂಡ ಮನುಷ್ಯ ನಿಮಿಷಕ್ಕೆ ನಾಲ್ಕೇ ಸಲ ಉಸಿರಾಡುತ್ತ ಎರಡು ತಿಂಗಳು ಮಲಗುತ್ತಾನೆ. ಕೈಗೆ ಚುಚ್ಚಿದ ಸಣ್ಣ ನಳಿಗೆಯಿಂದ ಹನಿ ನೀರು ಹೋಗುತ್ತಿದ್ದರೆ ಸಾಕು. ತೊಡಕು ಒಂದೇ. ಈ ಔಷಧಿ ಮೈಗೆ ವರ್ಷಕ್ಕೊಮ್ಮೆ ಮಾತ್ರ ಹತ್ತುತ್ತದೆ. ನಡುವೆ ಎಚ್ಚರವಾದವರನ್ನು ಮತ್ತೆ ಮಲಗಿಸಲು ಆಗುವುದಿಲ್ಲ. ಸೊರಗಿದ ಮೈಯಲ್ಲಿ ಅವರು ಮೇಲಿನ ಬಿಸಿಲನ್ನು ತಾಳುವುದೂ ಇಲ್ಲ.

ಊರ ಹೊರಗಿನ ಕೆಂಪು ಕಲ್ಲಿನ ದಿಬ್ಬವನ್ನು ಕೊರೆದು ನೆಲಮನೆ ಮಾಡಿದರು. ಹಳೆಯ ಕಾಲದ ನೀರಿನ ಸುರಂಗವೊಂದು ಅದರ ಅಡಿಯಲ್ಲಿ ಹಾಯುತ್ತಿದ್ದುದರಿಂದ ಒಳಗೆ ಮಾಘಮಾಸದ ತಂಪು. ಮಲಗುವ ಸಾಲುಗಳನ್ನು ವಯಸ್ಸಿನ ಪ್ರಕಾರ ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಊರಿನ ಹಿರಿಯರು ಒಪ್ಪಲಿಲ್ಲ. ಮಗ್ಗಲು ಮನೆಯವರು ಮಗ್ಗಲಲ್ಲೇ ಇರಬೇಕು, ಎದ್ದಾಗ ಕಣ್ಣಿಗೆ ಕಾಣುವ ಮುಖ ಗುರುತಿನದಾಗಿರಬೇಕು ಎಂದು ಹಟ ಹಿಡಿದರು. ಹಾಗಾಗಿ ಮೇಲಿದ್ದ ಹದಿನಾರು ಓಣಿಗಳೂ ಇದ್ದ ಹಾಗೇ ಕೆಳಗಿಳಿದವು. ಬಾವಿ ಓಣಿ, ಅಗಸಿ ಓಣಿ, ದರ್ಗಾ ಓಣಿ, ಪ್ಯಾಟಿ ಓಣಿ ಎಲ್ಲವೂ ಬಂದವು. ನಾಯಿಗಳು ಮಾತ್ರ ಬರಲಿಲ್ಲ.

ಊರೆಲ್ಲ ಮಲಗಿದರೆ ಕಾಯುವವರು ಬೇಕಲ್ಲ. ಐದು ಜನರನ್ನು ಆರಿಸಿದರು. ಅವರಲ್ಲಿ ತೇಜಮ್ಮನ ಹೆಸರು ಮೊದಲು ಬಂತು, ಯಾಕೆಂದರೆ ಊರಲ್ಲಿ ವಾಕಿಟಾಕಿಯ ಮರ್ಮ ಬಲ್ಲವಳು ಅವಳೊಬ್ಬಳೇ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಲಾರಿಗಳಿಗೆ ಪಾಳಿ ಕೊಡುತ್ತ ಎಷ್ಟೋ ವರ್ಷ ಅದನ್ನು ಕಿವಿಗೆ ಹಚ್ಚಿಕೊಂಡಿದ್ದಳು. ಕುಡಿದು ಬಂದ ಡ್ರೈವರುಗಳಿಗೆ ಅವಳು ಅದರಲ್ಲಿ ಕೊಡುತ್ತಿದ್ದ ಮರ್ಯಾದೆ ಮೂರು ತಾಲೂಕಿನಲ್ಲಿ ಪ್ರಸಿದ್ಧವಾಗಿತ್ತು.

ವ್ಯವಸ್ಥೆ ಹೀಗಿತ್ತು. ಮಲಗಿದ ಪ್ರತಿಯೊಬ್ಬರ ಕೊರಳಿಗೆ ಒಂದು ಪಟ್ಟಿ. ಕನಸಿನಲ್ಲಿ ಗಂಟಲು ಅದುರಿದರೆ ಪಟ್ಟಿ ಅದನ್ನು ಮಾತಾಗಿ ಕಳಿಸುತ್ತದೆ. ಕಿವಿಯಲ್ಲೊಂದು ಗುಂಡಿ ಇರುತ್ತದೆ, ಮಳೆ ಬಂದ ದಿನ ಎಬ್ಬಿಸುವುದಕ್ಕೆ. ಓಣಿಗೊಂದು ಚಾನೆಲ್. ಕಾಯುವವರ ಕೈಯ ವಾಕಿಟಾಕಿಗಳನ್ನು ಸ್ಕ್ಯಾನಿಗೆ ಹಚ್ಚುವ ಕೆಲಸ ತೇಜಮ್ಮನದು. ಸ್ಕ್ಯಾನಿಗೆ ಹಚ್ಚಿದ ಸೆಟ್ಟು ಒಂದೇ ಕಡೆ ನಿಲ್ಲುವುದಿಲ್ಲ. ಹದಿನಾರು ಓಣಿಗಳ ಬಾಗಿಲಿಗೂ ಒಂದು ಸುತ್ತು ಕಿವಿ ಕೊಟ್ಟು ಬರುತ್ತದೆ. ಎಲ್ಲಿ ದನಿ ಕೇಳಿತೋ ಅಲ್ಲಿ ನಿಲ್ಲುತ್ತದೆ. ದನಿ ನಿಂತ ಮೇಲೂ ಸ್ವಲ್ಪ ಹೊತ್ತು ಕಾದು ಮುಂದಕ್ಕೆ ಹೋಗುತ್ತದೆ. ಆ ಕಾಯುವ ಹೊತ್ತನ್ನು ತೇಜಮ್ಮ ಮೂರು ಸೆಕೆಂಡಿಗೆ ಇಟ್ಟಳು. ಕಾಯುತ್ತಿರುವಾಗ ಮಾತಿನ ಗುಂಡಿ ಒತ್ತಿದರೆ ನಮ್ಮ ದನಿ ಅದೇ ಓಣಿಗೆ ಹೋಗುತ್ತದೆ. ಸೆಟ್ಟು ಮುಂದಕ್ಕೆ ಹೋದ ಮೇಲೆ ಒತ್ತಿದರೆ ಎಲ್ಲ ಓಣಿಗೂ ಒಟ್ಟಿಗೆ ಕೇಳುವ ಊರ ಚಾನೆಲ್ಲಿಗೆ ಹೋಗುತ್ತದೆ. ಏಳಿರೆಂದು ಸಾರುವುದಕ್ಕೆ ಇಟ್ಟ ಚಾನೆಲ್ ಅದು.

"ಅಷ್ಟೆಲ್ಲ ಬ್ಯಾಡ ಯಕ್ಕಾ," ಅಂದ ವೈಜಿನಾಥ. ಅವನೂ ಕಾಯುವವರಲ್ಲಿ ಒಬ್ಬ, ಹಿಂದೆ ಬಸ್ ಕಂಡಕ್ಟರ್ ಆಗಿದ್ದವ. "ಯಾವ ಗುಂಡಿ ಒತ್ಬಾರ್ದು ಅಷ್ಟು ಹೇಳು."

"ಮಾತಿನ ಗುಂಡಿ ಒತ್ಬ್ಯಾಡ. ನಿನ್ನ ದನಿ ಕೇಳಿದ್ರ ಊರಿಗೂರೇ ಎದ್ದು ಟಿಕೆಟ್ ಕೊಡು ಅಂತದ," ಅಂದಳು ತೇಜಮ್ಮ.

ನಗೆಯ ಮಾತಾದರೂ ನಿಯಮ ಅದೇ ಆಗಿತ್ತು. ನೆಲಮನೆಯ ಡಾಕ್ಟರ್ ಫರ್ಹಾನಾ ಕಲಬುರಗಿಯವರು, ಮಾತು ಮೆತ್ತಗೆ, ನಿಯಮ ಗಟ್ಟಿ. ಮಲಗಿದವರೊಂದಿಗೆ ಯಾರೂ ಮಾತಾಡಕೂಡದು ಎಂದು ಮೊದಲ ದಿನವೇ ಹೇಳಿದ್ದರು. ಕಿವಿಗೆ ಮನುಷ್ಯರ ದನಿ ಬಿದ್ದರೆ ಎದೆ ಚುರುಕಾಗುತ್ತದೆ, ಮೈ ಬಿಸಿಯಾಗುತ್ತದೆ, ಎಚ್ಚರವಾಗುತ್ತದೆ. ಒಳಗಿನ ನೀರು ಡಾಕ್ಟರಿಗೆ, ಐವರು ಕಾವಲಿನವರಿಗೆ ಮತ್ತು ಹನಿ ನಳಿಗೆಗಳಿಗೆ ಲೆಕ್ಕ ಹಾಕಿದ್ದು. ಇಡೀ ಊರು ಎದ್ದು ಕೂತರೆ ಒಂದು ವಾರಕ್ಕೂ ಬರುವುದಿಲ್ಲ.

ಹಾಗಾದರೆ ಯಾವ ಕೂಗಿಗೆ ಎದ್ದು ಹೋಗಬೇಕು? ಕನಸಿನಲ್ಲಿ ಜನ ನೂರೆಂಟು ಕೂಗುತ್ತಾರೆ. ಇದಕ್ಕೆ ಉತ್ತರ ಕೊಟ್ಟವನು ಅಗಸಿ ಓಣಿಯ ಮುದುಕ, ಧೂಳಪ್ಪ ಮುತ್ಯಾ. ಆ ಸೀಮೆಯಲ್ಲಿ ಕತ್ತಲಾದ ಮೇಲೆ ಬಾಗಿಲಾಚೆ ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಕರೆಯುವ ತನಕ ಯಾರೂ ಓಗೊಡುವುದಿಲ್ಲ. ಒಂದೆರಡು ಸಲ ಕರೆದು ಸುಮ್ಮನಾಗುವುದು ಮನುಷ್ಯನ ದನಿಯಲ್ಲ ಎಂದು ನಂಬಿಕೆ. ಬೇಕಾದವರು ಮೂರನೇ ಸಲವೂ ಕರೆಯುತ್ತಾರೆ. "ಹಂಗೇ ಮಾಡ್ರಿ," ಅಂದ ಮುತ್ಯಾ, "ಒಂದು ಕೂಗು ಕನಸಿಂದು. ಮೂರು ಕೂಗು ಜೀವದ್ದು." ಡಾಕ್ಟರಿಗೆ ನಗು ಬಂತು, ಆದರೆ ಇದಕ್ಕಿಂತ ಸರಿಯಾದ ಲೆಕ್ಕ ಅವರಿಗೂ ಹೊಳೆಯಲಿಲ್ಲ. ಮೂರು ಕೂಗೆಂದೇ ನಿಯಮ ಮಾಡಿದರು.

ಸೂಜಿ ಚುಚ್ಚುವ ದಿನ ತೇಜಮ್ಮ ಗಂಡ ಮಾಣಿಕಪ್ಪನನ್ನೂ ಒಂಬತ್ತು ವರ್ಷದ ಮಗಳು ರುಕ್ಕಿಯನ್ನೂ ಬಾವಿ ಓಣಿಯ ಸಾಲಿನಲ್ಲಿ ಮಲಗಿಸಿದಳು. ಮಾಣಿಕಪ್ಪ ಎಮ್ಮೆ ವ್ಯಾಪಾರಿ. ಸೂಜಿ ಚುಚ್ಚುವಾಗಲೂ ನರ್ಸಿನ ಜೊತೆ ಚೌಕಾಸಿ ಮಾಡಿದ. ರುಕ್ಕಿ ಅಳಲಿಲ್ಲ. ಅವ್ವನ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು.

"ನಾ ಒಳಗ ಕರದ್ರ ನಿನಗ ಕೇಳ್ತದೇನು?"

"ಕೇಳ್ತದ."

"ನೀ ಓ ಅಂತಿ?"

ತೇಜಮ್ಮ ಡಾಕ್ಟರ ಮುಖ ನೋಡಿದಳು. ಡಾಕ್ಟರ್ ಬೇರೆ ಕಡೆ ನೋಡಿದರು. "ನೀ ನಿದ್ದಿ ಮಾಡು ಮಗಾ," ಅಂದಳು ತೇಜಮ್ಮ. ಹುಡುಗಿಯ ಬೆರಳು ಸಡಿಲವಾಗುವ ಹೊತ್ತಿಗೆ ಅವಳಿಗೆ ಉತ್ತರ ಸಿಕ್ಕಿರಲಿಲ್ಲ.

ಮೊದಮೊದಲ ದಿನಗಳು ಚೆಂದವಾಗಿದ್ದವು. ನೆಲಮನೆಯೊಳಗೆ ಮಸುಕು ನೀಲಿ ದೀಪ, ಕೆಂಪು ಕಲ್ಲಿನ ಕಮಾನುಗಳು, ಅಡಿಯಲ್ಲಿ ಎಲ್ಲೋ ಹರಿಯುವ ನೀರಿನ ಸದ್ದು. ತೇಜಮ್ಮ ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲುಗಳ ನಡುವೆ ನಡೆಯುತ್ತಿದ್ದಳು. ಸೆಟ್ಟು ಓಣಿಯಿಂದ ಓಣಿಗೆ ಜಿಗಿಯುತ್ತ ಕನಸುಗಳನ್ನು ಕಿತ್ತು ಕಿತ್ತು ತರುತ್ತಿತ್ತು. ಪ್ಯಾಟಿ ಓಣಿಯಲ್ಲಿ ಒಬ್ಬಳು "ಹಾಲು ಉಕ್ಕಿತು" ಅನ್ನುತ್ತಿದ್ದಳು. ದರ್ಗಾ ಓಣಿಯ ಮುದುಕನೊಬ್ಬ "ಉಕ್ಕಲಿ ಬಿಡು, ಹೊಸಾ ಮನಿ ಅದ" ಅನ್ನುತ್ತಿದ್ದ. ಅವರಿಬ್ಬರೂ ಎಚ್ಚರವಿದ್ದಾಗ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕುಂಬಾರ ಓಣಿಯವನು ಯಾರನ್ನೋ ಕ್ಷಮಿಸು ಎಂದು ಬೇಡಿದರೆ ಅಗಸಿ ಓಣಿಯವಳು "ಆತು, ಉಣ್ಣ ಬಾ" ಅಂದುಬಿಡುತ್ತಿದ್ದಳು. ಸೆಟ್ಟು ಬರೀ ಯಂತ್ರ, ಎಲ್ಲಿ ದನಿಯೋ ಅಲ್ಲಿ ನಿಲ್ಲುತ್ತದೆ ಎಂಬುದು ತೇಜಮ್ಮನಿಗೆ ಗೊತ್ತಿತ್ತು. ಆದರೂ ಊರೆಲ್ಲ ಸೇರಿ ಒಂದೇ ಕನಸು ಕಾಣುತ್ತಿದೆ ಅನ್ನಿಸಿ ಅವಳಿಗೆ ಸುಖವಾಗುತ್ತಿತ್ತು. ಮಾಣಿಕಪ್ಪನಂತೂ ಕನಸಿನಲ್ಲೂ ಎಮ್ಮೆ ಮಾರುತ್ತಿದ್ದ. ಕೊಳ್ಳುವವನು ಸಿಕ್ಕ ಹಾಗೆ ಕಾಣಲಿಲ್ಲ.

ಬೆಳಕು ಹರಿಯುವ ಮುಂಚೆ ಒಂದು ಗಳಿಗೆ ಮೇಲೆ ಹೋಗಿ ಬರಲು ಕಾವಲಿನವರಿಗೆ ಅನುಮತಿ ಇತ್ತು. ತೇಜಮ್ಮ ತನ್ನ ಮನೆಗೆ ಹೋಗುತ್ತಿದ್ದಳು. ಬೀಗ ತೆಗೆದು, ಕಸ ಹೊಡೆದು, ಅಂಗಳಕ್ಕೆ ಒಂದು ಚೊಂಬು ನೀರನ್ನೂ ಚಿಮುಕಿಸಲಾಗದೆ ಬರೀ ರಂಗೋಲಿ ಎಳೆದು ಬರುತ್ತಿದ್ದಳು. ಓಣಿಯಲ್ಲಿ ಒಂದು ಕೆಮ್ಮಿಲ್ಲ, ಕೊಡದ ಸದ್ದಿಲ್ಲ. ಗೋಡೆಗಳು ಅಷ್ಟು ಮುಂಜಾನೆಯೇ ಕಾದಿರುತ್ತಿದ್ದವು. ರುಕ್ಕಿಯ ಪುಟ್ಟ ಚಪ್ಪಲಿ ಬಾಗಿಲ ಹಿಂದೆ ಇದ್ದವು, ಅವುಗಳ ಮೇಲೆ ಧೂಳು ಕೂತಿತ್ತು. ತೇಜಮ್ಮ ದಿನಾ ಅವನ್ನು ಒರೆಸುತ್ತಿದ್ದಳು. ಕೆಳಗೆ ಮಗಳು ಇರುವಾಗ ಮೇಲೆ ಚಪ್ಪಲಿ ಒರೆಸುವುದು ಹುಚ್ಚುತನವೆಂದು ಅವಳೇ ಬೈದುಕೊಂಡು ಬೀಗ ಹಾಕುತ್ತಿದ್ದಳು.

ಒಂದು ದಿನ ಕಾವಲಿನವರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಅಂದಿನ ಅಡಿಗೆಯ ಪಾಳಿ ವೈಜಿನಾಥನದು. ಅವನು ತಟ್ಟಿದ ರೊಟ್ಟಿ ನಕಾಶೆಯಲ್ಲಿನ ಜಿಲ್ಲೆಗಳ ಆಕಾರದಲ್ಲಿದ್ದವು.

"ಯಕ್ಕಾ, ನಿನ್ನ ರುಕ್ಕಿ ನಿನ್ನ ನೆನಸ್ಲತ್ತಾಳ," ಅಂದ ವೈಜಿನಾಥ. "ಮುಂಜಾನಿ ಒಮ್ಮೆ ಅವ್ವಾ ಅಂದ್ಳು. ಒಂದೇ ಕೂಗು. ಕನಸಿರ್ಬೇಕಂತ ಸುಮ್ಕಾದೆ."

"ನಂಗೂ ರಾತ್ರಿ ಕೇಳಿತ್ತಪಾ," ಅಂದಳು ತೇಜಮ್ಮ. "ಒಂದೇ ಕೂಗು. ಸೆಟ್ಟು ಮುಂದಕ್ಕ ಹೋಯ್ತು."

ಮೂಲೆಯಲ್ಲಿ ಕೂತಿದ್ದ ಭೀಮಶಾ ತಲೆ ಎತ್ತಿದ. ಅವನೂ ಕಾವಲಿನವನೇ, ಹೆಚ್ಚು ಮಾತಿನವನಲ್ಲ. "ಬಾವಿ ಓಣ್ಯಾಗ? ಈಗ ಊಟಕ್ಕ ಬರೋ ಮುಂದ ನನ್ನ ಸೆಟ್ಟಿನ್ಯಾಗೂ ಕೇಳ್ತು. ಒಂದೇ."

ಯಾರೂ ರೊಟ್ಟಿ ಮುರಿಯಲಿಲ್ಲ. ಮೂವರು ಕೇಳಿದ ಒಂದೊಂದು ಕೂಗನ್ನು ಕೂಡಿಸಿದರೆ ಮೂರಾಗುತ್ತದೆ ಎಂಬುದು ಮೂವರಿಗೂ ಒಟ್ಟಿಗೇ ಹೊಳೆಯಿತು. ನಿಮಿಷಕ್ಕೆ ನಾಲ್ಕು ಸಲ ಉಸಿರಾಡುವವರಿಗೆ ಒಂದು ಕೂಗಿನಿಂದ ಇನ್ನೊಂದು ಕೂಗಿಗೆ ಬರಲು ಎಷ್ಟು ಹೊತ್ತು ಬೇಕು! ಮೂರು ಸೆಕೆಂಡು ಕಾದು ಓಡುವ ಸೆಟ್ಟಿಗೆ ಮೂರನೇ ಕೂಗು ಎಂದಾದರೂ ಕೇಳಿಸೀತೇ? ಆ ಲೆಕ್ಕವನ್ನು ಇಟ್ಟವಳು ತಾನೇ ಎಂದು ತೇಜಮ್ಮನಿಗೆ ನೆನಪಾಯಿತು. ಅವಳು ಎಂಜಲು ಕೈಯಲ್ಲೇ ಓಡಿದಳು.

ರುಕ್ಕಿಯ ಹನಿ ನಳಿಗೆ ಮಡಚಿಕೊಂಡು ಕಟ್ಟಿಹೋಗಿತ್ತು. ತುಟಿ ಬಿರಿದಿತ್ತು, ಹಣೆ ಸುಡುತ್ತಿತ್ತು. ಒಬ್ಬೊಬ್ಬರಿಗೂ ಮಾಪಕ ಕೊಡುವಷ್ಟು ಅನುದಾನ ಬಂದಿರಲಿಲ್ಲ. ಡಾಕ್ಟರ ಕೋಣೆಯ ಹಲಗೆಯ ಮೇಲೆ ಓಣಿಗೊಂದೇ ದೀಪ, ಅದು ಇಡೀ ಓಣಿಯ ಮೈಬಿಸಿಯ ಸರಾಸರಿಯನ್ನಷ್ಟೇ ತೋರಿಸುತ್ತಿತ್ತು. ಬಾವಿ ಓಣಿಯ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಡಾಕ್ಟರ್ ಫರ್ಹಾನಾ ನಳಿಗೆ ಬದಲಿಸಿ, ಒದ್ದೆ ಬಟ್ಟೆ ಹಾಕಿ, ಬಹಳ ಹೊತ್ತು ಅಲ್ಲೇ ಕೂತರು.

"ಉಳದಾಳ," ಅಂದರು ಕೊನೆಗೆ. "ಆದ್ರ ತೇಜಮ್ಮ, ಇನ್ನೊಮ್ಮೆ ಮೈ ಹಿಂಗ ಕಾದ್ರ ನಾ ಎಬ್ಬಿಸ್ಲೇಬೇಕಾಗ್ತದ. ಎಬ್ಬಿಸಿದ್ರ ಈ ಮೈಯಾಗ ಅಕಿ ಮಳಿಗಾಲ ನೋಡ್ತಾಳಂತ ಹೇಳ್ಲಾರೆ."

ನಳಿಗೆ ಸರಿಹೋಯಿತು, ಕೂಗು ಮಾತ್ರ ನಿಲ್ಲಲಿಲ್ಲ. ಒಮ್ಮೆ ಬಾಯಾರಿ ಹೆದರಿದ ಹುಡುಗಿ ಅದೇ ಕನಸಿನಲ್ಲಿ ಸಿಕ್ಕಿಬಿದ್ದಿದ್ದಳು. ಪ್ರತಿ ಕೂಗಿಗೂ ಮೈ ತುಸು ಬಿಸಿಯಾಗುತ್ತಿತ್ತು, ಒದ್ದೆ ಬಟ್ಟೆಗೆ ತುಸು ಇಳಿಯುತ್ತಿತ್ತು. ಇಳಿದದ್ದಕ್ಕಿಂತ ಏರಿದ್ದೇ ಹೆಚ್ಚು.

ತೇಜಮ್ಮ ಎಲ್ಲ ಸೆಟ್ಟುಗಳಲ್ಲಿ ಕಾಯುವ ಹೊತ್ತನ್ನು ಅರ್ಧ ನಿಮಿಷಕ್ಕೆ ಏರಿಸಿದಳು. ತನ್ನ ಸೆಟ್ಟಿನಲ್ಲಿ ಯಾರಿಗೂ ಹೇಳದೆ ಇನ್ನೊಂದು ಕೆಲಸವನ್ನೂ ಮಾಡಿದಳು. ಬಾವಿ ಓಣಿಯನ್ನು ಮೊದಲ ಹಕ್ಕಿನ ಚಾನೆಲ್ ಮಾಡಿದಳು. ಹಾಗೆ ಮಾಡಿದರೆ ಸೆಟ್ಟು ಬೇರೆ ಯಾವ ಓಣಿಯ ಮಾತು ಕೇಳುತ್ತಿದ್ದರೂ ಬಾವಿ ಓಣಿಯಲ್ಲಿ ದನಿಯೆದ್ದ ಕೂಡಲೇ ಅದನ್ನು ಬಿಟ್ಟು ಇಲ್ಲಿಗೆ ಓಡಿಬರುತ್ತದೆ. ಬಂದರೆ ಅಲ್ಲಿ ಹೆಚ್ಚಾಗಿ ಕೇಳುತ್ತಿದ್ದುದು ಮಾಣಿಕಪ್ಪನ ಎಮ್ಮೆ ವ್ಯಾಪಾರ. ಆದರೂ ನಡುನಡುವೆ ಮಗಳ ದನಿ ಬರುತ್ತಿತ್ತು. ತೇಜಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕೇಳುತ್ತಿದ್ದಳು.

ಹಾಗೆ ಕೇಳುತ್ತಿರುವಾಗ ಅಗಸಿ ಓಣಿಯಲ್ಲಿ ಧೂಳಪ್ಪ ಮುತ್ಯಾ ಮೂರು ಸಲ ಕೂಗಿದ್ದ. ಮೂರು ಸಲವೂ ತೇಜಮ್ಮನ ಸೆಟ್ಟು ಅವನ ಕೂಗನ್ನು ಅರ್ಧಕ್ಕೆ ಕತ್ತರಿಸಿ ಬಾವಿ ಓಣಿಗೆ ಓಡಿತ್ತು. ಉಳಿದವರ ಸೆಟ್ಟುಗಳು ಆಗ ಬೇರೆ ಓಣಿಗಳಲ್ಲಿ ಕಾಯುತ್ತಿದ್ದವು. ಭೀಮಶಾ ಅಕಸ್ಮಾತ್ ಆ ಸಾಲಿನಲ್ಲಿ ನಡೆದುಹೋಗುತ್ತ ಅವನ ನಳಿಗೆ ಕಟ್ಟಿದ್ದನ್ನು ಕಾಣದಿದ್ದರೆ ಮುತ್ಯಾ ಹೋಗಿಬಿಡುತ್ತಿದ್ದ. ಡಾಕ್ಟರ್ ಸೆಟ್ಟುಗಳನ್ನು ತರಿಸಿಕೊಂಡು ನೋಡಿದರು. ಬೈಯಲಿಲ್ಲ. ಬೈದಿದ್ದರೆ ತೇಜಮ್ಮನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ನಿಮ್ಮ ಸೆಟ್ಟಿನ್ಯಾಗ ಬಾವಿ ಓಣಿ ಬ್ಯಾಡ ತೇಜಮ್ಮ," ಅಂದರು. "ಅದನ್ನ ವೈಜಿನಾಥ ನೋಡ್ಕೋತಾರ. ನೀವು ಉಳಿದ ಹದಿನೈದು ಓಣಿ ಕೇಳ್ರಿ. ಅಲ್ಲೂ ಮಕ್ಕಳವ."

ಸ್ಕ್ಯಾನಿನಲ್ಲಿ ಸುಮ್ಮನೆ ಗದ್ದಲ ಮಾಡುವ ಚಾನೆಲ್ಲನ್ನು ಪಟ್ಟಿಯಿಂದ ಬಿಡಲು ಒಂದು ಗುಂಡಿ ಇದೆ. ಆ ಚಾನೆಲ್ ಕೇಳುತ್ತಿರುವಾಗ ಅದನ್ನು ಒತ್ತಿ ಹಿಡಿದರೆ ಮುಗಿಯಿತು, ಸೆಟ್ಟು ಇನ್ನು ಆ ಬಾಗಿಲಿಗೆ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಬೇಡದ ಹಾಡು ಹಚ್ಚುವ ಡ್ರೈವರುಗಳಿಗೆ ತೇಜಮ್ಮ ಎಷ್ಟೋ ಸಲ ಅದನ್ನು ಒತ್ತಿದ್ದಳು. ಈಗ ಮೊದಲ ಹಕ್ಕನ್ನು ತೆಗೆದು, ರುಕ್ಕಿ ಅವ್ವಾ ಅನ್ನುವ ತನಕ ಕಾದು, ಅನ್ನುತ್ತಿರುವಾಗಲೇ ಒತ್ತಿ ಹಿಡಿದಳು. ದನಿ ನಡುವೆಯೇ ನಿಂತಿತು. ಅವಳು ಗೋಡೆಗೆ ತಲೆಯೊತ್ತಿ ಅತ್ತಳು.

ಆಮೇಲಿನ ದಿನಗಳಲ್ಲಿ ತೇಜಮ್ಮ ಒಳ್ಳೆಯ ಕಾವಲುಗಾರ್ತಿಯಾದಳು. ದರ್ಗಾ ಓಣಿಯ ಬಸುರಿಗೆ ಸಮಯಕ್ಕೆ ನೀರು ಸಿಕ್ಕಿತು. ಕುಂಬಾರ ಓಣಿಯ ಒಂದು ಕೂಸಿನ ನಳಿಗೆ ಕಟ್ಟಿದ್ದು ಮೊದಲ ಕೂಗಿಗೇ ಗೊತ್ತಾಯಿತು. ವೈಜಿನಾಥ ಎದುರಾದಾಗಲೆಲ್ಲ ಅವಳು ಕಣ್ಣಲ್ಲೇ ಕೇಳುತ್ತಿದ್ದಳು, ಅವನು "ಅದಾಳ, ಅದಾಳ" ಅಂದು ಬೇಗ ಬೇಗ ಹೋಗಿಬಿಡುತ್ತಿದ್ದ. ಅಷ್ಟು ಮಾತಾಳಿ ಹಾಗೆ ಹೋಗುವುದೆಂದರೆ ಸುದ್ದಿ ಒಳ್ಳೆಯದಲ್ಲವೆಂದೇ ಅರ್ಥ. ಬಾವಿ ಓಣಿಯ ದೀಪ ಹಳದಿಗೆ ತಿರುಗಿತ್ತು. ಒಬ್ಬಳ ಕೂಗು ಕೇಳಿ ಸಾಲಿನ ಉಳಿದವರ ಕನಸುಗಳೂ ಕಲಕುತ್ತಿವೆ ಎಂದರು ಡಾಕ್ಟರ್. ನಾಳೆಯೊಳಗೆ ಇಳಿಯದಿದ್ದರೆ ರುಕ್ಕಿಯನ್ನು ಎಬ್ಬಿಸುವುದೆಂದು ತೀರ್ಮಾನವಾಯಿತು. ಎಬ್ಬಿಸಿದರೆ ಏನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಪಾಳಿ ಮುಗಿದಾಗ ಆರಿಸದೇ ಚಾರ್ಜಿಗೆ ಹಚ್ಚುತ್ತಿದ್ದ ತೇಜಮ್ಮನ ಸೆಟ್ಟು ಅದೇ ದಿನ ಮಧ್ಯಾಹ್ನ ಬ್ಯಾಟರಿ ಇಳಿದು ಆರಿಹೋಯಿತು. ಪಡಸಾಲೆಗೆ ಹೋಗಿ ಹೊಸದನ್ನು ಹಾಕಿದಳು. ಪಟ್ಟಿಯಿಂದ ಬಿಟ್ಟ ಚಾನೆಲ್, ಸೆಟ್ಟು ಆರಿ ಹತ್ತಿದ ಮೇಲೆ, ತಾನಾಗಿ ಪಟ್ಟಿಗೆ ಮರಳಿಬಿಡುತ್ತದೆ ಎಂಬುದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ಆ ಹೊತ್ತಿನಲ್ಲಿ ನೆನಪಿರಲಿಲ್ಲ ಅಷ್ಟೆ. ಸೆಟ್ಟು ಹತ್ತಿತು, ಮೊದಲ ಸುತ್ತಿಗೇ ಬಾವಿ ಓಣಿಯಲ್ಲಿ ನಿಂತಿತು.

"ಅವ್ವಾ."

ಕೂಗು ಸಣ್ಣದಾಗಿತ್ತು. ಬರುತ್ತಾಳೆಂಬ ಆಸೆ ಬಿಟ್ಟವರು ಕರೆಯುವ ಹಾಗಿತ್ತು. ತೇಜಮ್ಮ ನಿಂತಲ್ಲೇ ನಿಂತಳು. ಎರಡನೇ ಕೂಗು ಬರಲಿ ಎಂದು ಕಾದಳು. ಬರಲಿಲ್ಲ. ಗುಂಡಿಯ ಮೇಲೆ ಬೆರಳಿತ್ತು. ನಿಯಮ, ನೀರಿನ ಲೆಕ್ಕ, ಮಲಗಿದ ಊರು, ಡಾಕ್ಟರ ಮೆತ್ತಗಿನ ದನಿ ಎಲ್ಲ ತಲೆಯಲ್ಲಿ ಹಾದುಹೋದವು. ಅರ್ಧ ನಿಮಿಷ ಮುಗಿದದ್ದು ತಿಳಿಯಲಿಲ್ಲ. ಸೆಟ್ಟು ಮುಂದಿನ ಓಣಿಗೆ ಸರಿದುಹೋದ ಮೇಲೆ ಅವಳ ಬೆರಳು ತಾನಾಗಿ ಒತ್ತಿತು.

"ಓ," ಅಂದಳು ತೇಜಮ್ಮ. "ಓ ಮಗಾ. ಇಲ್ಲೇ ಇದ್ದೀನಿ."

ದನಿ ಬಾವಿ ಓಣಿಗಷ್ಟೇ ಹೋಗಲಿಲ್ಲ. ಊರ ಚಾನೆಲ್ಲಿಗೆ ಹೋಯಿತು. ಹದಿನಾರು ಓಣಿಗಳ ಪ್ರತಿಯೊಂದು ಕಿವಿಯಲ್ಲೂ ಅದು ಮೊಳಗಿದ್ದನ್ನು ತೇಜಮ್ಮ ತನ್ನ ಕಿವಿಯಲ್ಲೇ ಕೇಳಿದಳು. ನೆಲಮನೆಯ ಉದ್ದಕ್ಕೂ ಸಾಲು ಸಾಲಾಗಿ ಪಿಸುಗುಟ್ಟಿದ ಹಾಗೆ ಓ, ಓ, ಓ ಎಂದು ಕೇಳಿಸಿತು. ಡಾಕ್ಟರ ಕೋಣೆಯಲ್ಲಿ ಗಂಟೆ ಹೊಡೆದುಕೊಂಡಿತು. ತೇಜಮ್ಮ ಓಡಿ ಬಾಗಿಲಿಗೆ ಬಂದಾಗ ಹಲಗೆಯ ಹದಿನಾರು ದೀಪಗಳೂ ಹಳದಿಯಾಗಿದ್ದವು. ಎರಡು ಕೆಂಪಿಗೆ ತಿರುಗುತ್ತಿದ್ದವು.

"ಏನ್ ಮಾಡಿದ್ರಿ?" ಡಾಕ್ಟರ ದನಿ ಮೊದಲ ಸಲ ಏರಿತ್ತು. "ತೇಜಮ್ಮ, ಏನ್ ಮಾಡಿದ್ರಿ?"

ಒಂದು ಮಗುವಿಗಾಗಿ ಊರಿಗೂರನ್ನೇ ಕೊಂದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ವೈಜಿನಾಥ, ಭೀಮಶಾ ಓಡಿಬಂದು ಅವಳ ಹಿಂದೆ ನಿಂತರು. ಎದ್ದು ಕೂರುವವರ ಸದ್ದಿಗಾಗಿ ನಾಲ್ವರೂ ಕಿವಿಯಿಟ್ಟರು.

ಕೇಳಿದ್ದು ಬೇರೆ. ಮಲಗಿದ ಊರು ಒಟ್ಟಿಗೆ ಒಂದು ಉಸಿರು ಬಿಟ್ಟಿತು. ದಿನವಿಡೀ ಹೊತ್ತ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದಾಗ ಬರುತ್ತದಲ್ಲ, ಅಂಥ ಉಸಿರು. ಆಮೇಲೆ ಸೆಟ್ಟುಗಳು ಸುಮ್ಮನಾದವು. ಸ್ಕ್ಯಾನು ಓಣಿಯಿಂದ ಓಣಿಗೆ ಹೋಗಿ ಎಲ್ಲೂ ನಿಲ್ಲದೆ ಸುತ್ತಿ ಬಂತು, ಇನ್ನೊಂದು ಸುತ್ತೂ ಬಂತು. ಮಾಣಿಕಪ್ಪನ ಎಮ್ಮೆ ಕೂಡ ಮಾರಾಟವಾದ ಹಾಗಿತ್ತು. ಹಲಗೆಯ ಮೇಲೆ ಒಂದು ದೀಪ ಹಸಿರಾಯಿತು. ಇನ್ನೊಂದಾಯಿತು. ಕೊನೆಗೆ ಬಾವಿ ಓಣಿಯದೂ ಆಯಿತು.

ಡಾಕ್ಟರ್ ಫರ್ಹಾನಾ ಬಾವಿ ಓಣಿಗೆ ನಡೆದುಹೋಗಿ ರುಕ್ಕಿಯ ಮಣಿಕಟ್ಟು ಹಿಡಿದರು. ಹಣೆ ಮುಟ್ಟಿದರು. ಮತ್ತೊಮ್ಮೆ ಮುಟ್ಟಿದರು. ಪಕ್ಕದವರದ್ದು, ಅದರ ಪಕ್ಕದವರದ್ದು ಮುಟ್ಟುತ್ತ ಸಾಲಿನ ಕೊನೆಯ ತನಕ ಹೋಗಿ ಬಂದರು.

"ನಾವು ಉಲ್ಟಾ ತಿಳ್ಕೊಂಡಿದ್ವಿ," ಅಂದರು. "ದನಿ ಕೇಳಿದ್ರ ಏಳ್ತಾರಂತ ತಿಳ್ಕೊಂಡಿದ್ವಿ. ಇವರು ಕರದು ಕರದು ಯಾರೂ ಓ ಅನ್ನದಕ್ಕ ಏಳ್ಲತ್ತಿದ್ರು." ಆಮೇಲೆ ತೇಜಮ್ಮನ ಕಡೆ ತಿರುಗಿ, ತಮಗಿಂತ ಹಿರಿಯರನ್ನು ಕೇಳುವ ಹಾಗೆ ಕೇಳಿದರು. "ಸಂಜಿ ಮುಂದ ಇನ್ನೊಮ್ಮೆ ಅಂತೀರೇನು?"

ಅಂದಳು. ದಿನಾ ಅಂದಳು. ಮೂರನೇ ಕೂಗಿಗೆ ಯಾರೂ ಕಾಯಲಿಲ್ಲ. ಮೊದಲ ಕೂಗಿಗೇ ಓ ಅನ್ನುವುದು, ಓ ಅಂದ ಮೇಲೂ ಕರೆದರೆ ಎದ್ದು ಹೋಗಿ ನೋಡುವುದು ಎಂಬ ಹೊಸ ನಿಯಮ ಬಂತು. ವೈಜಿನಾಥನೂ ಪ್ರಯತ್ನಿಸಿದ. ಅವನ ಓ ಕೇಳಿದ ಪ್ಯಾಟಿ ಓಣಿಯಲ್ಲಿ ಯಾರೋ "ಮುಂದಿನ ಸ್ಟಾಪ್" ಅಂದರಂತೆ, ನಂಬುವುದು ಬಿಡುವುದು ನಿಮ್ಮದು. ಭೀಮಶಾನ ಓ ಮಾತ್ರ ಎಲ್ಲರಿಗೂ ಹಿಡಿಸಿತು. ಮಾತು ಕಡಿಮೆಯಾದವನ ದನಿಯಲ್ಲಿ ಅಷ್ಟು ಅಂತಃಕರಣ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಮಿರುಗದ ಮಳೆ ಎರಡು ದಿನ ತಡವಾಗಿ ಬಂತು. ಊರು ಎದ್ದಿತು. ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ನೆ​ನೆದ ಮಣ್ಣಿನಲ್ಲಿ ಕಾಲಿಡಲು ಸಂಕೋಚಪಡುತ್ತ ನಿಂತರು. ಧೂಳಪ್ಪ ಮುತ್ಯಾ ತೇಜಮ್ಮನ ಎದುರು ಬಂದು ಏನೋ ಹೇಳಲು ಹೋಗಿ, ಮರೆತವನಂತೆ ಅವಳ ತಲೆ ಮುಟ್ಟಿ ಮುಂದಕ್ಕೆ ಹೋದ.

ಮನೆಯಲ್ಲಿ ಮಾಣಿಕಪ್ಪ ಮೊದಲು ಎಮ್ಮೆಯ ಬಗ್ಗೆಯೇ ಕೇಳಿದ. ರುಕ್ಕಿ ಏನೂ ಕೇಳಲಿಲ್ಲ. ಕಡ್ಡಿಯಂತಾಗಿದ್ದ ಕಾಲು ಚಾಚಿಕೊಂಡು ಗೋಡೆಗೆ ಒರಗಿ ಕೂತು, ಅವ್ವ ಕೊಟ್ಟ ಅಂಬಲಿಯನ್ನು ಕುಡಿಯುತ್ತ ಅವ್ವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಮುಖ ಊದಿತ್ತು. ಸಿಟ್ಟೆಂದು ತಿಳಿಯಲು ತೇಜಮ್ಮನಿಗೆ ಹೊತ್ತು ಹಿಡಿಯಲಿಲ್ಲ. ಅಷ್ಟು ದಿನ ಓಗೊಡದೆ ಇದ್ದದ್ದಕ್ಕೆ ಈಗ ಉತ್ತರ ಕೊಡಬೇಕಲ್ಲ ಎಂದು ಅವಳು ಬಟ್ಟಲಿಗೆ ಇನ್ನಷ್ಟು ಅಂಬಲಿ ಸುರಿದಳು.

"ನಾ ಕರದೆ," ಅಂದಳು ರುಕ್ಕಿ.

"ಹೌದು ಮಗಾ."

"ನೀ ಓ ಅಂದಿ."

"ಕೇಳ್ತೇನು ನಿನಗ?"

"ಕೇಳ್ತು. ಆದ್ರ ಅಲ್ಲಿ ಕನಸಿನ್ಯಾಗ ಎಲ್ಲಾರೂ ತಿರುಗಿ ನೋಡಿದ್ರು. ಧೂಳಪ್ಪ ಮುತ್ಯಾನೂ ನೋಡ್ದ. ನಮ್ಮವ್ವ ಅಕಿ, ನಿಮ್ಮವ್ವ ಅಲ್ಲ ಅಂದ್ರೂ ನಕ್ಕೋತ ನಿಂತ." ಹುಡುಗಿ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ನೀ ಎಲ್ಲಾರಿಗೂ ಯಾಕ ಓ ಅಂದಿ?"

ತೇಜಮ್ಮ ಅವಳ ಪಕ್ಕದಲ್ಲಿ ಕುಕ್ಕರಿಸಿ ಕೂತಳು. ಚಾನೆಲ್ಲು, ಗುಂಡಿ, ತಡವಾಗಿ ಒತ್ತಿದ ಬೆರಳು ಯಾವುದನ್ನೂ ಹೇಳಹೋಗಲಿಲ್ಲ.

"ನಾ ನಿನಗಷ್ಟೇ ಅಂದಿದ್ದು," ಅಂದಳು. "ಅವರು ಕದ್ದು ಕೇಳ್ಯಾರ."

ರುಕ್ಕಿ ಅಂಬಲಿಯ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದಳು.

"ಹೋಗ್ಲಿ ಬಿಡು," ಅಂದಳು ಕೊನೆಗೆ. "ಮುತ್ಯಾಗ ಅವ್ವ ಇಲ್ಲಲ್ಲ."